ಬೆಳ್ಳಕ್ಕಿ ಏಕೆ ಅಲುಗುತ್ತಿಲ್ಲ?

ನಮ್ಮ ಮನೆಯ ಜಗಲಿಯ ಗೋಡೆಯ ಮೇಲೆ ಒಂದು ಜಲವರ್ಣ ಚಿತ್ರವಿದೆ. ಒಂದೂವರೆ ಅಡಿ ಅಗಲ, ಒಂದಡಿ ಎತ್ತರ. ಅಘನಾಶಿನಿಯ ಅಳಿವೆಯ ಹತ್ತಿರದ ಒಂದು ಗಜನಿ (ಉಪ್ಪುನೀರಿನ ಅಂಚಿನ ಭತ್ತದ ಗದ್ದೆ), ಗಜನಿಯ ಏರಿ, ಏರಿಯ ಈಚೆ ಕೆಸರು, ಕೆಸರಿನ ನಡುವೆ ಬಳುಕುತ್ತ ಹರಿದ ಸಣ್ಣ ಕಾಲುವೆ. ಕಾಲುವೆಯ ಬಾಯಲ್ಲಿ ಒಂದು ಬೆಳ್ಳಕ್ಕಿ. ಅದರಿಂದ ಸ್ವಲ್ಪ ಆಚೆ, ನೀರಿನಲ್ಲಿ ನೆಟ್ಟ ಒಂದು ಕೋಲು. ದೂರದಲ್ಲಿ ಗೊರವ ಹಕ್ಕಿಗಳ ಪುಟ್ಟ ಹಿಂಡು. ಎಡಕ್ಕೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆ, ಹಿಂದೆ ನೇರಳೆ ಬಣ್ಣದ ಗುಡ್ಡಸಾಲು, ಆಕಾಶದಲ್ಲಿ ಮೂರು ಬಿಳಿ ಹಕ್ಕಿಗಳು. ಮನುಷ್ಯರು ಯಾರೂ ಇಲ್ಲ. ಗೃಹಪ್ರವೇಶದ ದಿನ ಇದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟವರು ನನಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ಮಾಸ್ತರು.

ಮನೆಗೆ ಬಂದವರು ಚಪ್ಪಲಿ ಬಿಟ್ಟು ಕಂಬಕ್ಕೆ ಒರಗಿ ಕುಳಿತು, ಚಿತ್ರದ ಕಡೆ ಒಮ್ಮೆ ನೋಡಿ, ‘ಎಷ್ಟು ಶಾಂತವಾಗಿದೆ!’ ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ, ಮಾತು ಅಡಿಕೆಯ ದರಕ್ಕೆ ಹೊರಳುತ್ತದೆ. ಶಾಂತ ಎಂಬ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಶಾಂತಿ ಎಲ್ಲಿಂದ ಬಂತು, ಅದನ್ನು ಮಾಡಿದವರು ಯಾರು, ಚಿತ್ರದೊಳಗಿನ ಹಕ್ಕಿಗೂ ಅದು ಶಾಂತಿಯೇ ಎಂದು ಕೇಳಲು ಹೊರಟರೆ ಈ ಒಂದಡಿ ಕಾಗದದಲ್ಲಿ ಸಂಜೆಯವರೆಗೆ ಓಡಾಡುವಷ್ಟು ಜಾಗವಿದೆ. ಚಿತ್ರ ನೋಡಲು ಬರುವುದಿಲ್ಲ ಎಂದು ಹಿಂಜರಿಯುವವರೇ ನಮ್ಮಲ್ಲಿ ಹೆಚ್ಚು. ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇಂತಹ ಚಿತ್ರ ಓದಲು ಬೇಕಾದ ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ. ಉಳಿದ ಅರ್ಧ ಎರಡು ಸಾವಿರ ವರ್ಷಗಳಿಂದ ನಮ್ಮ ಕಾವ್ಯಗಳಲ್ಲಿ ಇದೆ.

ಕಾವ್ಯದ್ದನ್ನೇ ಮೊದಲು ಹೇಳುತ್ತೇನೆ. ಶಾತವಾಹನ ದೊರೆ ಹಾಲ ಒಟ್ಟುಮಾಡಿದನೆಂದು ಹೇಳುವ ಪ್ರಾಕೃತ ಪದ್ಯಗಳ ಸಂಗ್ರಹ ಗಾಥಾಸಪ್ತಶತಿ. ಅದರಲ್ಲಿ ಒಬ್ಬಳು ತನ್ನ ಪಕ್ಕದಲ್ಲಿದ್ದವನಿಗೆ ಹೇಳುತ್ತಾಳೆ: ನೋಡು, ತಾವರೆಯೆಲೆಯ ಮೇಲೆ ಅಲುಗದೆ, ಮಿಸುಕದೆ ನಿಂತ ಆ ಬಲಾಕೆ, ಅಂದರೆ ಬೆಳ್ಳಕ್ಕಿ, ಕಲೆಯಿಲ್ಲದ ಪಚ್ಚೆಯ ತಟ್ಟೆಯಲ್ಲಿಟ್ಟ ಶಂಖದ ಹಾಗೆ ಹೊಳೆಯುತ್ತಿದೆ. ಪದ್ಯದಲ್ಲಿ ಇಷ್ಟೇ ಇರುವುದು. ಮೇಲುನೋಟಕ್ಕೆ ಇದೂ ಒಂದು ಶಾಂತ ಚಿತ್ರ, ಹಸಿರಿನ ಮೇಲೆ ಬಿಳಿ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಈ ಪದ್ಯವನ್ನು ಎತ್ತಿಕೊಂಡು ಗಂಟು ಬಿಚ್ಚುವ ಹಾಗೆ ಬಿಚ್ಚುತ್ತಾನೆ. ಹಕ್ಕಿ ಅಲುಗುತ್ತಿಲ್ಲ. ಅಂದರೆ ಅದಕ್ಕೆ ಅಂಜಿಕೆಯಿಲ್ಲ. ಅಂಜಿಕೆಯಿಲ್ಲ ಅಂದರೆ ಅಲ್ಲಿ ಜನರ ಸುಳಿವಿಲ್ಲ. ಜನರ ಸುಳಿವಿಲ್ಲ ಅಂದರೆ ನಾವಿಬ್ಬರು ಸೇರಲು ಅದು ಒಳ್ಳೆಯ ಜಾಗ. ಬಾಯಿಬಿಟ್ಟು ಹೇಳದೆ ಅವಳು ಹೇಳುತ್ತಿರುವುದು ಇದನ್ನು. ಮಮ್ಮಟ ಇಲ್ಲಿಗೂ ಬಿಡುವುದಿಲ್ಲ. ಇನ್ನೊಂದು ಅರ್ಥವೂ ಹೊರಡಬಹುದು ಎನ್ನುತ್ತಾನೆ: ‘ನಾನು ಬಂದು ಕಾದಿದ್ದೆ ಎಂದು ಸುಳ್ಳು ಹೇಳುತ್ತೀಯಲ್ಲ, ನೀನು ಬಂದಿದ್ದರೆ ಆ ಹಕ್ಕಿ ಹೀಗೆ ನಿಶ್ಚಿಂತೆಯಿಂದ ನಿಂತಿರುತ್ತಿತ್ತೇ?’

ಧ್ವನಿ ಎಂದು ಆಲಂಕಾರಿಕರು ಕರೆದದ್ದು ಇದನ್ನೇ. ಕನ್ನಡಕ್ಕೂ ಇದು ಹೊಸದಲ್ಲ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ ಧ್ವನಿಯ ಹೆಸರು ಬಂದಿದೆ. ನನಗೆ ಇಷ್ಟವಾಗುವುದು ಮಮ್ಮಟನ ಪತ್ತೇದಾರಿಕೆ. ಹಕ್ಕಿ ಯಾವುದರ ಸಂಕೇತ ಎಂದು ಅವನು ಮೊದಲು ಕೇಳುವುದಿಲ್ಲ. ಹಕ್ಕಿ ಏನು ಮಾಡುತ್ತಿದೆ, ಹಾಗೆ ಮಾಡಬೇಕಾದರೆ ಸುತ್ತಮುತ್ತ ಏನಿರಬೇಕು, ಏನಿರಬಾರದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ. ಚಿತ್ರವನ್ನೂ ಹಾಗೆಯೇ ಇಳಿಯಬಹುದು.

ಆದರೆ ಒಂದು ಕಡೆ ಮಮ್ಮಟನನ್ನು ನಿಲ್ಲಿಸಬೇಕಾಗುತ್ತದೆ. ಬಕ, ಬೆಳ್ಳಕ್ಕಿಗಳ ಅಲುಗದಿರುವಿಕೆ ಒಂದೇ ಬಗೆಯದಲ್ಲ. ಕತ್ತನ್ನು ಹೆಗಲೊಳಗೆ ಹುದುಗಿಸಿ ಮುದ್ದೆಯಾಗಿ ನಿಂತಿದ್ದರೆ ಅದು ವಿಶ್ರಾಂತಿ. ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿ, ಮೈ ಮುಂದಕ್ಕೆ ವಾಲಿ, ಕೊಕ್ಕು ನೀರಿನ ಕಡೆ ಇಳಿದಿದ್ದರೆ ಅದು ಬೇಟೆ. ಈ ಜಾತಿಯ ಹಕ್ಕಿಗಳ ಕತ್ತಿನ ಆರನೆಯ ಮಣಿಮೂಳೆ ಉಳಿದವುಗಳಿಗಿಂತ ಬೇರೆ ಆಕಾರದ್ದು, ಅಲ್ಲಿ ಕತ್ತು ಕೀಲು ಹಾಕಿದಂತೆ ಮಡಚುತ್ತದೆ. ಎಳೆದು ಹಿಡಿದ ಬಿಲ್ಲಿನ ಹಾಗೆ ಇಡೀ ಕತ್ತು ಆ ಒಂದು ಕ್ಷಣಕ್ಕಾಗಿ ಕಾಯುತ್ತಿರುತ್ತದೆ. ಮೂರನೆಯದು, ಕತ್ತನ್ನು ಕೋಲಿನಂತೆ ನೆಟ್ಟಗೆ ಮೇಲಕ್ಕೆತ್ತಿ ನಿಂತ ಭಂಗಿ. ಕ್ಯಾಲೆಂಡರಿನವರಿಗೂ ಶುಭಾಶಯ ಪತ್ರದವರಿಗೂ ಇದೆಂದರೆ ಪ್ರೀತಿ. ಎಷ್ಟು ಗಂಭೀರ, ಎಷ್ಟು ನಾಜೂಕು ಎನಿಸುತ್ತದೆ. ನಿಜಕ್ಕೂ ಅದು ಗಾಬರಿ. ಹಕ್ಕಿಗೆ ಏನೋ ಕಂಡಿದೆ, ನಾಯಿಯೋ, ದೋಣಿಯೋ, ಚಿತ್ರಕಾರನೋ. ಇನ್ನೆರಡು ಹೆಜ್ಜೆ ಹತ್ತಿರ ಹೋದರೆ ಹಾರಿಬಿಡುತ್ತದೆ. ಹಾಗಾಗಿ ನೆಟ್ಟಕತ್ತಿನ ಬೆಳ್ಳಕ್ಕಿಯಿರುವ ‘ನಿರ್ಜನ’ ಜೌಗಿನ ಚಿತ್ರ ಕಂಡರೆ ಅಲ್ಲಿ ಯಾರೋ ಇದ್ದಾರೆ, ಚೌಕಟ್ಟಿನ ಹೊರಗೆ ಇದ್ದಾರೆ ಎಂದೇ ಓದಬೇಕು.

ನಮ್ಮ ಜಗಲಿಯ ಬೆಳ್ಳಕ್ಕಿಯ ಕತ್ತು ಮಡಚಿದೆ, ಮೈ ವಾಲಿದೆ. ಅಂದರೆ ಕೆಲಸದ ನಡುವೆ ಇದೆ. ನಾವು ಧ್ಯಾನ ಎನ್ನುತ್ತೇವೆ, ಅದೂ ಕುಹಕದಿಂದ. ಬಕಧ್ಯಾನ ಎಂಬ ಮಾತು ಹುಟ್ಟಿದ್ದೇ ಈ ಭಂಗಿಯಿಂದ. ಪಂಚತಂತ್ರದ ಬಕ ಕೆರೆಯ ಮೀನುಗಳಿಗೆ ವೈರಾಗ್ಯದ ಮಾತಾಡಿ ಒಂದೊಂದಾಗಿ ತಿಂದು, ಕೊನೆಗೆ ಏಡಿಯ ಕೈಯಲ್ಲಿ ಸಿಕ್ಕಿಬಿದ್ದದ್ದು ನಮಗೆಲ್ಲ ಗೊತ್ತು. ಹಂಸಗಳ ನಡುವೆ ಬಕ ಎಂದು ಅವಿದ್ಯಾವಂತನನ್ನು ಹೀಗಳೆದ ಸುಭಾಷಿತವೂ ಇದೆ. ಪಾಪದ ಹಕ್ಕಿ! ಅದು ಮಾಡುವ ಲೆಕ್ಕ ನೋಡಿದರೆ ಹಂಸವನ್ನು ಮರೆಯಬೇಕು. ನೀರಿನೊಳಗಿನ ಮೀನು ನೇರ ಮೇಲಿನಿಂದ ನೋಡಿದಾಗ ನಿಜವಾದ ಆಳದ ಮುಕ್ಕಾಲು ಭಾಗದಷ್ಟೇ ಆಳದಲ್ಲಿ ಇದ್ದ ಹಾಗೆ ಕಾಣುತ್ತದೆ. ಓರೆಯಾಗಿ ನೋಡಿದರೆ ಈ ಮೋಸ ಇನ್ನೂ ಹೆಚ್ಚು. ಕಂಡ ಜಾಗಕ್ಕೆ ಕುಟುಕಿದರೆ ಕೊಕ್ಕಿಗೆ ಬರೀ ನೀರು. ಈ ಬಾಗುವಿಕೆಯನ್ನು ತಿದ್ದಿಕೊಂಡು ಕುಟುಕಲು ಹಕ್ಕಿಗೆ ಬರುತ್ತದೆ. ಕತ್ತು ಮೆಲ್ಲಗೆ ಓರೆಯಾಗಿಸಿ, ತಡೆದು, ಮತ್ತೆ ಓರೆಯಾಗಿಸುವುದನ್ನು ಕಾರವಾರದ ಬಂಡೆಗಳ ಮೇಲೆ ಯಾರು ಬೇಕಾದರೂ ನೋಡಬಹುದು.

ಎಲ್ಲ ನೀರ್ಹಕ್ಕಿಗಳಿಗೂ ಈ ನೋಟ ಬೇಕಿಲ್ಲ ಎಂಬುದೂ ಚಿತ್ರ ಓದುವವರಿಗೆ ಗೊತ್ತಿರಬೇಕು. ಬಿಳಿ ಕೆಂಬರಲು ಹಕ್ಕಿ ಬಾಗಿದ ಕೊಕ್ಕನ್ನು ಕೆಸರಿನಲ್ಲಿ ಆಡಿಸಿ ಮುಟ್ಟಿಯೇ ತಿಳಿದುಕೊಳ್ಳುತ್ತದೆ. ಚಮಚದ ಕೊಕ್ಕಿನ ಹಕ್ಕಿ ಕೊಕ್ಕನ್ನು ತುಸು ತೆರೆದು ನೀರಿನಲ್ಲಿ ಆಚೀಚೆ ಬೀಸುತ್ತ ನಡೆಯುತ್ತದೆ. ಇವಕ್ಕೆ ಕಲಕಿದ ನೀರಾದರೂ ಆಗುತ್ತದೆ. ಗೊರವಗಳ ಕೊಕ್ಕಿನ ಉದ್ದ ಒಂದೊಂದಕ್ಕೆ ಒಂದೊಂದು ಬಗೆ, ಕೆಸರಿನ ಒಂದೊಂದು ಆಳದ ಹುಳು ಒಂದೊಂದರ ಪಾಲಿಗೆ. ಬೆಳ್ಳಕ್ಕಿಯದು ಕಣ್ಣಿನ ಬೇಟೆ. ಆದ್ದರಿಂದ ಚಿತ್ರಕಾರ ಕೆಂಬರಲನ್ನು ತಲೆಯೆತ್ತಿ ನಿಲ್ಲಿಸಿ, ಬೆಳ್ಳಕ್ಕಿಯ ತಲೆಯನ್ನು ರಾಡಿಯಲ್ಲಿ ಅದ್ದಿದ್ದರೆ ಅವನು ಹಕ್ಕಿಗಳನ್ನು ನೋಡಿದ್ದು ಚಿತ್ರಗಳಲ್ಲಿ ಎಂದು ಅನುಮಾನಿಸಬಹುದು. ನಮ್ಮ ಮಾಸ್ತರ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಕೆಸರಿನಿಂದ ಎತ್ತಿದ ಒಂದು ಪಾದ ಮಾತ್ರ ಹಳದಿ. ಎಂಟಾಣೆ ನಾಣ್ಯಕ್ಕಿಂತ ಸಣ್ಣ ಹಳದಿ ಗುರುತು ಅದು. ಚಿಕ್ಕ ಬೆಳ್ಳಕ್ಕಿಯೆಂದು ಗುರುತಿಸಲು ಅಷ್ಟು ಸಾಕು. ಈ ಹಕ್ಕಿ ಪಾದವನ್ನು ನೀರಿನಲ್ಲಿ ನಡುಗಿಸಿ ಕೆಸರು ಎಬ್ಬಿಸಿ, ಹೆದರಿ ಹೊರಬಂದ ಶೆಟ್ಲಿಯನ್ನು (ಸಿಗಡಿಯನ್ನು) ಹಿಡಿಯುತ್ತದೆ. ಎತ್ತಿದ ಆ ಪಾದ ನೃತ್ಯದ ಭಂಗಿ ಎಂದು ನಮ್ಮ ಭಾವ ಒಮ್ಮೆ ವರ್ಣಿಸಿದ್ದುಂಟು. ಅದು ಹಾರೆಯ ಕೆಲಸ.

ಪಾದದಿಂದ ಮೇಲಕ್ಕೆ ಬಂದರೆ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುವ ಗಂಟು ಸಿಗುತ್ತದೆ. ಅದು ಮಂಡಿಯಲ್ಲ, ಹರಡು. ನಿಜವಾದ ಮಂಡಿ ಪುಕ್ಕಗಳ ಒಳಗೆ, ಹೊಟ್ಟೆಯ ಪಕ್ಕದಲ್ಲಿದೆ. ಇದು ತಿಳಿಯದ ಚಿತ್ರಗಾರರು ಹಕ್ಕಿಗೆ ಮನುಷ್ಯನ ಕಾಲನ್ನು ತಿರುಗಿಸಿ ಜೋಡಿಸುತ್ತಾರೆ, ಆಗ ಹಕ್ಕಿ ನಿಂತಂತೆ ಕಾಣದೆ ಕುರ್ಚಿಯಿಂದ ಎದ್ದಂತೆ ಕಾಣುತ್ತದೆ.

ಇನ್ನು ಆಕಾಶದ ಮೂರು ಬಿಳಿ ಹಕ್ಕಿಗಳು. ಇವು ನನ್ನನ್ನು ಬಹಳ ದಿನ ಕಾಡಿವೆ. ಬೆಳ್ಳಕ್ಕಿ ಹಾರುವಾಗ ಕತ್ತನ್ನು ಮಡಚಿಕೊಳ್ಳುತ್ತದೆ. ಕೊಕ್ಕರೆ, ಕೆಂಬರಲು, ಚಮಚದ ಕೊಕ್ಕಿನವು ಕತ್ತನ್ನು ಮುಂದಕ್ಕೆ ಚಾಚಿಕೊಂಡು ಹಾರುತ್ತವೆ. ಮಾಸ್ತರ ಮೂರೂ ಹಕ್ಕಿಗಳು ಕತ್ತು ಚಾಚಿವೆ. ಮೊದಲು ತಪ್ಪು ಎಂದುಕೊಂಡೆ. ಕೆಳಗಿನ ಹಕ್ಕಿಯ ಪಾದದ ಬಣ್ಣವನ್ನೂ ಬಿಡದವರು ಇಲ್ಲಿ ತಪ್ಪಿದರೆಂದು ಒಪ್ಪಲು ಈಗ ಮನಸ್ಸಿಲ್ಲ. ಕೆಂಬರಲೆಂದು ಓದಿಕೊಂಡಿದ್ದೇನೆ. ಅವರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ.

ಹಕ್ಕಿಗಳನ್ನು ಬಿಟ್ಟು ಈಗ ನೀರಿನ ಕಡೆ ನೋಡೋಣ. ಪ್ರತಿಬಿಂಬ ಎಂದರೆ ಮೇಲಿನದನ್ನು ತಲೆಕೆಳಗು ಮಾಡಿ ಅಂಟಿಸುವುದು ಎಂಬ ತಿಳುವಳಿಕೆ ಸಾಮಾನ್ಯ. ನೀರಿನಲ್ಲಿ ಕಾಣುವುದು ನೀರಿನ ಮಟ್ಟದ ಕೆಳಗಿನಿಂದ ಯಾರೋ ಮೇಲಕ್ಕೆ ನೋಡಿದ ನೋಟ. ಹಾಗಾಗಿ ಹಕ್ಕಿಯ ಪ್ರತಿಬಿಂಬದಲ್ಲಿ ಬೆನ್ನಿಗಿಂತ ಹೊಟ್ಟೆ ಹೆಚ್ಚು ಕಾಣಬೇಕು. ಹತ್ತಿರದ ಏರಿ ದೂರದ ಗುಡ್ಡವನ್ನು ಮೇಲೆ ಮರೆಮಾಡಿದ್ದಕ್ಕಿಂತ ನೀರಿನಲ್ಲಿ ಹೆಚ್ಚು ಮರೆಮಾಡಬೇಕು. ಬಿಳಿಯ ಪ್ರತಿಬಿಂಬ ನಿಜವಾದ ಬಿಳಿಗಿಂತ ಮಸುಕು, ಕಪ್ಪಿನದು ನಿಜವಾದ ಕಪ್ಪಿಗಿಂತ ತೆಳು. ಗಾಳಿ ಸುಳಿದು ಸಣ್ಣ ಅಲೆ ಎದ್ದರೆ ಪ್ರತಿಬಿಂಬ ಕೆಳಮುಖವಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಚಿತ್ರದಲ್ಲಿ ಹಕ್ಕಿ ಬೆರಳಿನಷ್ಟು ಉದ್ದ, ಅದರ ಬಿಂಬ ಒಂದೂವರೆ ಬೆರಳು, ಅಂಚೆಲ್ಲ ಹರಕು. ಗಾಳಿಯಿದೆ. ‘ನಿಶ್ಚಲ’ ಎಂದು ಬಂದವರು ಹೊಗಳಿದ ನೀರು ನಿಶ್ಚಲವಲ್ಲ.

ಹೊತ್ತು ಯಾವುದು? ನಮ್ಮ ಕರಾವಳಿಯಲ್ಲಿ ಇದನ್ನು ಹೇಳಲು ಗಡಿಯಾರ ಬೇಡ, ದಿಕ್ಕು ಗೊತ್ತಿದ್ದರೆ ಸಾಕು. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ. ಸಾಲು ಸಾಲು ಗುಡ್ಡ ಹಿನ್ನೆಲೆಗೆ ಬಂದಿದ್ದರೆ ಚಿತ್ರಕಾರ ಮೂಡಣಕ್ಕೆ ಮುಖ ಮಾಡಿ ಕುಳಿತಿರುವ ಸಾಧ್ಯತೆ ಹೆಚ್ಚು. ಬೆಳಗಾಗಿದ್ದರೆ ಸೂರ್ಯ ಎದುರಿಗಿದ್ದು ಹಕ್ಕಿ ಕಪ್ಪು ನೆರಳಾಗಿ ಕಾಣಬೇಕಿತ್ತು. ಇಲ್ಲಿ ಬೆಳ್ಳಕ್ಕಿಯ ನಮ್ಮ ಕಡೆಯ ಮೈಗೆ ತೆಳು ಹಳದಿ ಬಿಸಿಲು ತಗಲಿದೆ, ಗುಡ್ಡದ ನೆತ್ತಿಯೂ ಕೆಂಪೇರಿದೆ. ಸೂರ್ಯ ನಮ್ಮ ಬೆನ್ನ ಹಿಂದೆ, ಕಡಲಿಗೆ ಇಳಿಯುತ್ತಿದ್ದಾನೆ. ಸಂಜೆ ಐದರ ಸುಮಾರು ಎಂದುಕೊಳ್ಳಿ. ಋತುವನ್ನೂ ಹಿಡಿಯಬಹುದು. ಮರಿ ಮಾಡುವ ಕಾಲದಲ್ಲಿ ಚಿಕ್ಕ ಬೆಳ್ಳಕ್ಕಿಯ ನೆತ್ತಿಯಿಂದ ಎರಡು ಉದ್ದನೆಯ ಗರಿ ಇಳಿಬೀಳುತ್ತವೆ, ಬೆನ್ನ ಮೇಲೆ ನೂಲಿನಂತಹ ತುಪ್ಪುಳ ಬರುತ್ತದೆ. (ಆ ತುಪ್ಪುಳಕ್ಕಾಗಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಐರೋಪ್ಯ ಹೆಂಗಸರ ಟೋಪಿಗೆಂದು ಲಕ್ಷಗಟ್ಟಲೆ ಹಕ್ಕಿಗಳು ಸತ್ತವು. ಅದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕಿ ರಕ್ಷಣೆಯ ಸಂಘ ಕಟ್ಟಿದವರೂ ಹೆಂಗಸರೇ.) ನಮ್ಮ ಹಕ್ಕಿಯ ತಲೆ ಬೋಳು. ಏರಿಯ ಆಚೆ ಕೊಯ್ದ ಭತ್ತದ ಕೂಳೆ ಕಾಣುತ್ತದೆ. ಗೊರವಗಳೋ ಚಳಿಗಾಲ ಕಳೆಯಲು ಬಡಗಣ ದೇಶಗಳಿಂದ ಬಂದ ಅತಿಥಿಗಳು. ಮೂರನ್ನೂ ಕೂಡಿಸಿದರೆ ನವೆಂಬರಿನಿಂದ ಫೆಬ್ರವರಿಯೊಳಗಿನ ಒಂದು ದಿನ.

ಬೆಳ್ಳಕ್ಕಿಯ ಬಿಳಿಯ ಬಗ್ಗೆ ಒಂದು ಗುಟ್ಟು ಹೇಳಬೇಕು. ಚಿತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸುವ ಮೊದಲು ಭೂತಗನ್ನಡಿ ಹಿಡಿದು ನೋಡಿದ್ದೆ. ಬೆಳ್ಳಕ್ಕಿಯ ಮೈಮೇಲೆ ಬಣ್ಣವೇ ಇಲ್ಲ! ಬರೀ ಕಾಗದ. ಸಾಂಪ್ರದಾಯಿಕ ಜಲವರ್ಣದಲ್ಲಿ ಬಿಳಿ ಬಣ್ಣ ಬಳಸುವುದಿಲ್ಲ. ಬಣ್ಣ ತೆಳುವಾಗಿ, ಗಾಜಿನಂತೆ ಪಾರದರ್ಶಕವಾಗಿ ಹರಿಯುತ್ತದೆ, ಬೆಳಕು ಅದನ್ನು ದಾಟಿ ಕಾಗದಕ್ಕೆ ತಾಗಿ ಹಿಂದಿರುಗುತ್ತದೆ. ಎಲ್ಲಕ್ಕಿಂತ ಹೊಳೆಯುವ ಬಿಳಿ ಬೇಕೆಂದರೆ ಆ ಜಾಗವನ್ನು ಕುಂಚ ಮುಟ್ಟದೆ ಬಿಡಬೇಕು. ಮಾಸ್ತರು ಬರೆದದ್ದು ಬೆಳ್ಳಕ್ಕಿಯ ಸುತ್ತಲಿನ ಕೆಸರನ್ನು, ನೀರನ್ನು, ಹೊಟ್ಟೆಯ ಕೆಳಗಿನ ನೀಲಿ ನೆರಳನ್ನು. ಬೆಳ್ಳಕ್ಕಿ ಉಳಿದುಕೊಂಡದ್ದು. ಕೈ ಒಂದು ಕೂದಲೆಳೆಯಷ್ಟು ಜಾರಿದ್ದರೂ ಹಕ್ಕಿ ತೆಳ್ಳಗಾಗುತ್ತಿತ್ತು, ಮರಳಿ ದಪ್ಪ ಮಾಡಲು ದಾರಿಯಿಲ್ಲ.

ಮೊಗಲರ ಚಿತ್ರಗಾರರ ಹಾದಿ ಇದಕ್ಕೆ ತಿರುಗುಮುರುಗು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಸೈಬೀರಿಯಾದ ಕೊಕ್ಕರೆಯೊಂದನ್ನು ಬರೆದಿದ್ದಾನೆ, ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಅಪಾರದರ್ಶಕ ಬಣ್ಣದ ಮೇಲೆ ಬಣ್ಣ ಕಟ್ಟುತ್ತ ಬಿಳಿಯನ್ನೇ ಬರೆಯುವ ವಿಧಾನ ಅದು. ಈ ಹಕ್ಕಿಗೆ ಯುರೋಪಿನ ವಿಜ್ಞಾನಿಗಳು ಹೆಸರಿಟ್ಟದ್ದು 1773ರಲ್ಲಿ, ಮನ್ಸೂರನಿಗಿಂತ ಸುಮಾರು ಒಂದೂವರೆ ಶತಮಾನ ತಡವಾಗಿ. ದೊರೆಯೇ ಹಕ್ಕಿಮರುಳ. ಲೈಲಾ, ಮಜ್ನೂ ಎಂದು ಹೆಸರಿಟ್ಟು ಸಾಕಿದ ಸಾರಸ ಜೋಡಿ ಮೊಟ್ಟೆಗೆ ಕಾವು ಕೊಟ್ಟ ಬಗೆಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟವನು. ಅಂತಹ ಒಡೆಯನಿಗಾಗಿ ಬರೆದ ಚಿತ್ರದಲ್ಲಿ ಹಕ್ಕಿ ಜೌಗಿನ ಭಾಗವಲ್ಲ, ಅದಕ್ಕೇ ಒಂದು ಸಿಂಹಾಸನ. 1777ರಿಂದ 1782ರವರೆಗೆ ಕಲ್ಕತ್ತೆಯಲ್ಲಿ ಇಂಗ್ಲಿಷ್ ನ್ಯಾಯಾಧೀಶ ಇಂಪಿ ದಂಪತಿಗಳ ಹಕ್ಕಿಸಾಲೆಗಾಗಿ ಬರೆದ ಶೇಖ್ ಜೈನುದ್ದೀನನ ಚಿತ್ರಗಳಲ್ಲಿ ಹಿನ್ನೆಲೆಯೇ ಖಾಲಿ. ಅದನ್ನು ಕಂಡು ಏಕಾಂತ, ಶೂನ್ಯ ಎಂದು ಬರೆಯಹೊರಟರೆ ಎಡವಿದಂತೆ. ಹಕ್ಕಿಯ ಗರಿ ಎಣಿಸಲು ಅನುಕೂಲವಾಗಲೆಂದು ಬಿಟ್ಟ ಬಿಳಿ ಅದು, ದಾಖಲೆಯ ಬಿಳಿ.

ಅತಿವ್ಯಾಖ್ಯಾನಕ್ಕೆ ಒಳ್ಳೆಯ ಮದ್ದು ಅಮೆರಿಕದ ಆಡುಬಾನ್. 1827ರಿಂದ 1838ರ ನಡುವೆ ಅವನು ಹೊರತಂದ 435 ಹಕ್ಕಿಚಿತ್ರಗಳಲ್ಲಿ ಪ್ರತಿಯೊಂದು ಹಕ್ಕಿಯೂ ಅದರ ನಿಜವಾದ ಗಾತ್ರದಲ್ಲೇ ಇರಬೇಕೆಂಬುದು ಅವನ ಹಟ. ಕಾಗದ ಎಷ್ಟೇ ದೊಡ್ಡದಾದರೂ ರಾಜಹಂಸ ಅದಕ್ಕಿಂತ ದೊಡ್ಡದು. ಕತ್ತು ಬಗ್ಗಿಸದೆ ಗತಿಯಿಲ್ಲ. ಆ ಕೆಂಪು ಹಕ್ಕಿ ತಲೆತಗ್ಗಿಸಿದ್ದನ್ನು ಕಂಡು ವಿನಯ, ವಿಷಾದ ಎಂದೆಲ್ಲ ಹೇಳಬಹುದು. ಮೊದಲನೆಯ ಕಾರಣ ಮಾತ್ರ ಕಾಗದದ ಅಳತೆ.

ಸಂಕೇತದ ಮಾತು ಬಂದರೆ, ಯಾರು ಯಾರಿಗಾಗಿ ಬರೆದರು ಎಂದು ಕೇಳದೆ ಒಂದು ಹೆಜ್ಜೆಯೂ ಇಡಬಾರದು. ಚೀನಾದಲ್ಲಿ ತಾವರೆಯ ಪಕ್ಕ ಒಂದು ಬೆಳ್ಳಕ್ಕಿ ಬರೆದರೆ ಅದು ಪರೀಕ್ಷೆ ಬರೆಯುವವರಿಗೆ ಹಾರೈಕೆ. ಬೆಳ್ಳಕ್ಕಿಯ ಹೆಸರೂ ದಾರಿ ಎಂಬ ಮಾತೂ ಅವರ ಕಿವಿಗೆ ಒಂದೇ, ತಾವರೆಯ ಹೆಸರೂ ಒಂದಾದ ಮೇಲೊಂದು ಎಂಬ ಮಾತೂ ಒಂದೇ. ಸಾಲಾಗಿ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗು ಎಂಬ ಶ್ಲೇಷೆ. ಗಾಥಾಸಪ್ತಶತಿಯ ಪ್ರೇಮಿಗಳಿಗೆ ಅದೇ ಬೆಳ್ಳಕ್ಕಿ, ಅದೇ ತಾವರೆ ಏನಾಗಿತ್ತೆಂದು ಆಗಲೇ ನೋಡಿದೆವು. ಈಜಿಪ್ಟಿನವರು ಬರವಣಿಗೆಯ ದೇವತೆಗೆ ಕೆಂಬರಲಿನ ತಲೆ ಇಟ್ಟರು. ಅದರ ತೀರ ಹತ್ತಿರದ ಬಂಧು ಶಿರಸಿಯ ಸೋಂದಾ ಬಳಿ ಮುಂಡಿಗೆ ಕೆರೆಯಲ್ಲಿ ಪ್ರತಿ ಮಳೆಗಾಲ ಗೂಡು ಕಟ್ಟುತ್ತದೆ, ಅಲ್ಲಿಯ ಜನರಿಗೆ ಅದು ಮಳೆಯ ಮುನ್ಸೂಚನೆ. ಹಕ್ಕಿ ಮಾತ್ರ ಹುಳು ಹುಡುಕುತ್ತಿರುತ್ತದೆ.

ಹಕ್ಕಿಶಾಸ್ತ್ರದಿಂದ ಎಲ್ಲ ಚಿತ್ರವನ್ನೂ ಓದಬಹುದು ಎಂಬ ಜಂಬವೂ ಬೇಡ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಬಂದು ಉಳಿದಿದ್ದರು. ಅವರು ಚಿತ್ರಕ್ಕೆ ಕೈ ಹಚ್ಚಿದ್ದು ಅರವತ್ತು ದಾಟಿದ ಮೇಲೆ, ಮೊದಲ ಪ್ರದರ್ಶನ ನಡೆದದ್ದು 1930ರಲ್ಲಿ, ಪ್ಯಾರಿಸ್ಸಿನಲ್ಲಿ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದಾಗ ಉದ್ದ ಕೊಕ್ಕಿನ, ಉದ್ದ ಕತ್ತಿನ ಜೀವಿಗಳು ಎದ್ದು ಬಂದವು. ಅವುಗಳ ಜಾತಿ ಹುಡುಕಿದರೆ ಯಾವ ಹಕ್ಕಿಪುಸ್ತಕದಲ್ಲೂ ಸಿಗದು. ಅವು ಜೌಗಿನಿಂದ ಬಂದವಲ್ಲ, ಶಾಯಿಯಿಂದ ಬಂದವು. ಮಾಸ್ತರ ಚಿತ್ರಕ್ಕೆ ಕೇಳಿದ ಪ್ರಶ್ನೆಯನ್ನು ಅಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ.

ಹಾಗಾದರೆ ಶಾಂತಿ? ಕಣ್ಣಿನ ಮಟ್ಟಿಗೆ ಅದನ್ನು ಮಾಡಿದ್ದು ಅಡ್ಡಗೆರೆಗಳು. ಗುಡ್ಡ, ಏರಿ, ನೀರಂಚು, ಕೆಸರಿನ ಮಡಿಕೆ ಎಲ್ಲವೂ ಅಡ್ಡಡ್ಡ ಮಲಗಿವೆ. ಲಂಬವಾಗಿರುವವು ಎರಡೇ, ಹಕ್ಕಿಯ ಕಾಲು ಮತ್ತು ಆ ಕೋಲು. ಕೊಕ್ಕಿನ ಎದುರಿಗೆ ಅಂಗೈಯಗಲ ಖಾಲಿ ಜಾಗವಿದೆ, ನಮ್ಮ ಕಣ್ಣು ಹೋಗಿ ಅಲ್ಲಿ ಕಾಯುತ್ತದೆ. ಬಣ್ಣಗಳು ಒಂದರೊಳಗೊಂದು ಕರಗಿವೆ. ಇಷ್ಟು ಸಾಕು ಮನಸ್ಸು ತಣ್ಣಗಾಗಲು. ಆದರೆ ಜೌಗು ಹೀಗಿರುವುದಿಲ್ಲ. ಮುಂಡಿಗೆ ಕೆರೆಯ ದಂಡೆಯಲ್ಲಿ ಆಗಸ್ಟಿನಲ್ಲಿ ಒಂದು ಗಳಿಗೆ ನಿಂತು ನೋಡಿ, ಮರಿಗಳ ಕೂಗು, ರೆಕ್ಕೆಯ ಬಡಿತ, ಹಿಕ್ಕೆಯ ನಾತ. ಅಘನಾಶಿನಿಯೂ ಅಷ್ಟೆ. ಶಿರಸಿ ಸೀಮೆಯಲ್ಲಿ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು, ಎಂದು ಘೋಷಣೆಯಾಯಿತು, 4,801 ಹೆಕ್ಟೇರ್. ಅದರೊಳಗಿನ ಗಜನಿಗಳು ತಾವಾಗಿ ಆದವಲ್ಲ. ಜನ ಏರಿ ಕಟ್ಟಿ, ತೂಬು ಇಟ್ಟು, ಉಪ್ಪುನೀರನ್ನು ಮಳೆಗಾಲದಲ್ಲಿ ಹೊರಗಿಟ್ಟು ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪಿಗೂ ನೆರೆಗೂ ಜಗ್ಗದ, ಆಳೆತ್ತರ ಬೆಳೆಯುವ ಭತ್ತ ಅದು. ಕೊಯ್ಲಾದ ಮೇಲೆ ನೀರು ಬಿಟ್ಟು ಶೆಟ್ಲಿ, ಮೀನು. ಬೆಳ್ಳಕ್ಕಿ ನಿಂತಿರುವುದು ಕಾಡಿನಲ್ಲಲ್ಲ, ಯಾರದೋ ಹೊಲದ ಬಾಗಿಲಲ್ಲಿ.

ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ನಮ್ಮಲ್ಲಿಗೆ ಬಳಚು (ಹೊಳೆಯ ಕಪ್ಪೆಚಿಪ್ಪು) ಮಾರಲು ಒಬ್ಬ ಅಕ್ಕ ಬರುತ್ತಾರೆ. ಹೊಳೆಯ ದಂಡೆಯ ಊರಿನವರು. ಒಂದು ದಿನ ಬುಟ್ಟಿ ಇಳಿಸಿ, ನಾನು ಚಿಲ್ಲರೆ ತರುವಷ್ಟರಲ್ಲಿ ಚಿತ್ರದ ಎದುರು ನಿಂತಿದ್ದರು.

‘ನೀರು ಇಳಿಯುತ್ತಾ ಇದೆ, ತಂಗಿ.’

ಹೇಗೆ ಗೊತ್ತಾಯಿತು ಎಂದೆ. ಕೋಲನ್ನು ತೋರಿಸಿದರು. ನೀರಿನ ಮಟ್ಟದಿಂದ ಮೇಲೆ ಒಂದು ಗೇಣು ಕೋಲು ಕಡುಗಪ್ಪು, ಅದರ ಮೇಲೆ ಬೂದು. ‘ಭರತದ ನೀರು ಏರುತ್ತಿದ್ದರೆ ನೀರಿನ ಮೇಲಿನ ಕೋಲು ಒಣಗಿರಬೇಕು. ಇದು ಒದ್ದೆ. ಈಗ ತಾನೆ ನೀರು ಬಿಟ್ಟಿದೆ.’ ಇಷ್ಟು ವರ್ಷ ನಾನು ಅದನ್ನು ನೆರಳು ಎಂದುಕೊಂಡಿದ್ದೆ. ಆ ಒಂದು ಪಟ್ಟಿಯಿಂದ ಇಡೀ ಚಿತ್ರ ಅಲುಗಿತು. ನೀರು ಇಳಿಯುತ್ತಿದೆ, ಅಂದರೆ ಗಜನಿಯೊಳಗಿನ ಶೆಟ್ಲಿ, ಮೀನುಮರಿ ಕಾಲುವೆಯ ಬಾಯಿಂದಲೇ ಹೊರಬರಬೇಕು. ಬೆಳ್ಳಕ್ಕಿ ಬೇರೆಲ್ಲೂ ನಿಲ್ಲದೆ ಅಲ್ಲಿಯೇ ಏಕೆ ನಿಂತಿದೆ ಎಂದು ನಾನು ಕೇಳಿಯೇ ಇರಲಿಲ್ಲ.

ಅಕ್ಕ ಇನ್ನೂ ನೋಡುತ್ತಿದ್ದರು. ‘ಇಷ್ಟು ನೀರು ಇಳಿದ ಮೇಲೆ ನಾವೆಲ್ಲ ಇಲ್ಲೇ ಇರುತ್ತೇವಲ್ಲ, ಈ ಕೋಲಿನ ಹತ್ತಿರವೇ. ಹೆಂಗಸರು ಎಲ್ಲಿ ಹೋದರು?’

ಮಮ್ಮಟ ಇದ್ದಿದ್ದರೆ ಏನು ಹೇಳುತ್ತಿದ್ದನೋ. ಮುಂದಿನ ಭಾನುವಾರ ಮಾಸ್ತರ ಮನೆಗೆ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಮೂವರಿದ್ದರು. ಬರೆದಿದ್ದೆ. ಚೆನ್ನಾಗಿ ಬರಲಿಲ್ಲ, ತೊಳೆದು ತೆಗೆದೆ. ಅವರು ಕೆಸರು ಕದಡುತ್ತಿದ್ದರು, ಅದಕ್ಕೇ ಆ ಬೆಳ್ಳಕ್ಕಿ ಅಷ್ಟು ಹತ್ತಿರ ಬಂದದ್ದು. ಅವರೆಂದರೆ ಅದಕ್ಕೆ ಹೆದರಿಕೆಯೇ ಇರಲಿಲ್ಲ ನೋಡು.’

ಜಲವರ್ಣವನ್ನು ಒದ್ದೆ ಕುಂಚದಿಂದ ಉಜ್ಜಿ ತೆಗೆಯಬಹುದು, ಆದರೆ ಕಾಗದದ ಮೈ ಏಳುತ್ತದೆ. ಮನೆಗೆ ಬಂದವಳು ಚಿತ್ರವನ್ನು ಗೋಡೆಯಿಂದ ಇಳಿಸಿ, ಬೆನ್ನಿನ ಮೊಳೆ ಬಿಡಿಸಿ ಗಾಜು ತೆಗೆದು, ಸಂಜೆಯ ಓರೆ ಬಿಸಿಲಿಗೆ ಹಿಡಿದೆ. ಕೋಲಿನ ಬಲಕ್ಕೆ, ಮಸುಕು ನೀರು ಎಂದುಕೊಂಡಿದ್ದ ಜಾಗದಲ್ಲಿ, ಕಾಗದ ಮೂರು ಕಡೆ ಒರಟಾಗಿದೆ. ಮೂರೂ ಗುರುತುಗಳು ಸೊಂಟದಿಂದ ಬಗ್ಗಿವೆ. ನಡುವಿನದರ ಕೆಳಗೆ, ಪೂರ್ತಿ ಹೋಗದೆ ಉಳಿದ ಒಂದು ಚುಕ್ಕೆ ಕೆಂಪು, ಬಹುಶಃ ಸೀರೆಯ ಸೆರಗಿನದು.